ಎರಡು ದೋಣಿಯಲ್ಲಿ ಕಾಲಿಟ್ಟ ಕಾರು

ಹೈಬ್ರಿಡ್ ಕಾರು ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಎರಡು ಮೂರೇ. ಹೆಚ್ಚಿಗೆ ಕೊಟ್ಟ ದುಡ್ಡು ಪೆಟ್ರೋಲಿನಲ್ಲಿ ವಾಪಸ್ಸು ಬರುತ್ತದೆಯೇ? ಬ್ಯಾಟರಿ ಕೈಕೊಟ್ಟರೆ ಏನು ಗತಿ? ನೇರವಾಗಿ ಎಲೆಕ್ಟ್ರಿಕ್ ಕಾರನ್ನೇ ಏಕೆ ತೆಗೆದುಕೊಳ್ಳಬಾರದು? ಇವೆಲ್ಲ ಈಗಿನ ಕಾಲದ ತಲೆನೋವು ಅನ್ನಿಸುತ್ತದೆ. ಆದರೆ ಇವಕ್ಕೆ ನೂರು ವರ್ಷ ದಾಟಿದೆ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ವಿಯೆನ್ನಾದ ಲೋನರ್ ಕಂಪನಿ ಒಂದು ಎಲೆಕ್ಟ್ರಿಕ್ ಕಾರನ್ನು ತಂದು ನಿಲ್ಲಿಸಿತ್ತು. ಅದನ್ನು ರೂಪಿಸಿದ ಫರ್ಡಿನಾಂಡ್ ಪೋರ್ಶೆಗೆ ಆಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಮೋಟಾರುಗಳು ಮುಂದಿನ ಚಕ್ರಗಳ ಒಳಗೇ ಕೂತಿದ್ದವು. ತೊಡಕಿದ್ದದ್ದು ಸೀಸದ ಬ್ಯಾಟರಿಯಲ್ಲಿ. ಅದೊಂದೇ ನಾಲ್ಕು ಕ್ವಿಂಟಾಲಿನಷ್ಟು ತೂಗುತ್ತಿತ್ತು. ಪೋರ್ಶೆ ಬ್ಯಾಟರಿಯನ್ನು ಚಿಕ್ಕದು ಮಾಡಿ, ಪೆಟ್ರೋಲ್ ಎಂಜಿನ್ನುಗಳಿಂದ ಜನರೇಟರ್ ತಿರುಗಿಸಿ, ಓಡುವಾಗಲೇ ಕರೆಂಟು ಹುಟ್ಟುವಂತೆ ಮಾಡಿದ. ಆ ಗಾಡಿಗೆ ‘ಸೆಂಪರ್ ವೀವುಸ್’ ಎಂಬ ಲ್ಯಾಟಿನ್ ಹೆಸರು, ಎಂದರೆ ಸದಾ ಜೀವಂತ. ಹೆಸರೇನೋ ಚೆನ್ನಾಗಿತ್ತು. ಆದರೆ ಎರಡು ಯಂತ್ರವ್ಯವಸ್ಥೆ ಇದ್ದಲ್ಲಿ ತೂಕವೂ ಎರಡು ಪಾಲು, ರಿಪೇರಿಯೂ ಎರಡು ಪಾಲು.

ಷಿಕಾಗೋದ ವುಡ್ಸ್ ಕಂಪನಿಯ ‘ಡ್ಯುಯಲ್ ಪವರ್’ ಕಾರಿನ ಕತೆ ಇನ್ನೂ ಸ್ಪಷ್ಟ. ಕಡಿಮೆ ವೇಗದಲ್ಲಿ ಮೋಟಾರು, ಆಮೇಲೆ ಎಂಜಿನ್. ಗರಿಷ್ಠ ವೇಗ ಗಂಟೆಗೆ 56 ಕಿಲೋಮೀಟರಿನ ಆಸುಪಾಸು. ಬೆಲೆ ಎರಡೂವರೆ ಸಾವಿರ ಡಾಲರಿಗೂ ಹೆಚ್ಚು. 1917ರಲ್ಲಿ ಫೋರ್ಡ್‌ನ ಮಾಡೆಲ್ ಟಿ 400 ಡಾಲರಿನೊಳಗೆ ಸಿಗುತ್ತಿತ್ತು! ಅದಕ್ಕೂ ಮುಂಚೆ, 1912ರಲ್ಲೇ, ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದು, ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವ ಭಯವೂ ಹೋಗಿತ್ತು. ವಿದ್ಯುತ್ ಮೋಟಾರೇ ಪೆಟ್ರೋಲ್ ಕಾರಿನ ಸೇವೆಗೆ ನಿಂತು ಹೈಬ್ರಿಡ್ಡಿನ ಅನ್ನ ಕಿತ್ತುಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ವಿಕ್ಟರ್ ವೂಕ್ ಎಂಬ ಎಂಜಿನಿಯರ್. ಕಾದಂಬರಿಕಾರ ಹರ್ಮನ್ ವೂಕ್‌ನ ತಮ್ಮ. ಅಮೆರಿಕ ಸರ್ಕಾರ ಕಡಿಮೆ ಹೊಗೆಯ ಕಾರಿಗೆ ಪ್ರೋತ್ಸಾಹ ಯೋಜನೆ ಘೋಷಿಸಿದಾಗ ಈತ ಒಂದು ಬ್ಯೂಕ್ ಸ್ಕೈಲಾರ್ಕ್ ಕಾರನ್ನು ಹೈಬ್ರಿಡ್ ಆಗಿ ಬದಲಿಸಿದ. 1974ರಲ್ಲಿ ಆನ್ ಆರ್ಬರ್‌ನ ಸರ್ಕಾರಿ ಪ್ರಯೋಗಾಲಯದ ಹೊಗೆ ಪರೀಕ್ಷೆಯಲ್ಲಿ ಅದು ಪಾಸಾಯಿತು. ಆದರೂ ಯೋಜನೆಯವರು ಮುಂದಕ್ಕೆ ಒಯ್ಯಲಿಲ್ಲ. ಹಿಂದಿನ ವರ್ಷವಷ್ಟೇ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿ, ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಟ್ಟಿ ನಿಂತ ದೇಶ ಅದು. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬರುವವರೆಗೆ ಇಪ್ಪತ್ತಮೂರು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಸುಟ್ಟ ಎಣ್ಣೆಯ ಲೆಕ್ಕ ಯಾರು ಕೊಡಬೇಕು?

ತಕೇಶಿ ಉಚಿಯಮಾದನ ತಂಡ ಕಟ್ಟಿದ ಪ್ರಿಯಸ್ ಗೆದ್ದದ್ದು ಬ್ರೇಕಿನಲ್ಲಿ. ಕಾರು ನಿಧಾನವಾಗುವಾಗ ಬಿಸಿಯಾಗಿ ಪೋಲಾಗುವ ಶಕ್ತಿಯನ್ನು ಮೋಟಾರು ಜನರೇಟರಾಗಿ ಹಿಡಿದು ಬ್ಯಾಟರಿಗೆ ತುಂಬುತ್ತದೆ. ಹಾಗಾಗಿ ನಿಂತು ನಿಂತು ಹೋಗುವ ಪೇಟೆಯ ರಸ್ತೆಯಲ್ಲೇ ಅದಕ್ಕೆ ಲಾಭ. ಒಂದೇ ವೇಗದ ಹೆದ್ದಾರಿಯಲ್ಲಿ ಆ ಲಾಭ ಕರಗುತ್ತದೆ.

ನಮ್ಮಲ್ಲಿ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಇಪ್ಪತ್ತು ಲಕ್ಷ ದಾಟಿದ ಬೆಲೆಯಲ್ಲಿ ಬಂತು. ಜನ ದೂರದಿಂದ ಕೈ ಮುಗಿದರು. ಈಗ ಇನ್ನೋವಾ ಹೈಕ್ರಾಸ್ ಬಿಡದಿಯಲ್ಲೇ ತಯಾರಾಗುತ್ತದೆ. ಆದರೂ ಇಂಥ ದೊಡ್ಡ ಹೈಬ್ರಿಡ್ಡಿಗೆ ವರ್ಷಗಟ್ಟಲೆ ಶೇ. 43 ತೆರಿಗೆ ಇತ್ತು, ಎಲೆಕ್ಟ್ರಿಕ್ ಕಾರಿಗೆ ಶೇ. 5. 2025ರ ಸೆಪ್ಟೆಂಬರಿನಲ್ಲಿ 43 ಹೋಗಿ 40 ಆಯಿತು, ಅಷ್ಟೇ. ಬ್ಯಾಟರಿಯ ಭಾರ ಇಳಿದ ಮೇಲೆ ತೆರಿಗೆಯ ಭಾರ ಬಂದು ಕೂತಂತಾಯಿತು.

ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ, ಚಾರ್ಜಿಂಗ್ ಪಾಯಿಂಟ್ ಹಾಕಲು ಬಿಡದ ಅಪಾರ್ಟ್‌ಮೆಂಟಿಗೆ ಮರಳುವವರಿಗೆ ನಾನು ಹೈಬ್ರಿಡ್ ತೆಗೆದುಕೊಳ್ಳಿ ಅನ್ನುತ್ತೇನೆ. ಬ್ಯಾಟರಿಯ ವಾರಂಟಿ ಎಷ್ಟು ವರ್ಷದ್ದೆಂದು ಬರೆಸಿಕೊಂಡೇ. ತಿಂಗಳಿಗೊಮ್ಮೆ ಊರಿನ ಜಾತ್ರೆಗೋ ಮದುವೆಗೋ ಕಾರು ಹೊರಗೆ ತೆಗೆಯುವವರು ಆ ಹೆಚ್ಚುವರಿ ದುಡ್ಡನ್ನು ಬ್ಯಾಂಕಿನಲ್ಲೇ ಇಟ್ಟುಕೊಳ್ಳಲಿ.