ಮಹಾಮಾರಿಯ ಕಾಲದ ಅಧಿಕಾರಿಗಳೂ ಪ್ರಜೆಗಳ ಕೃತಜ್ಞತೆಯೂ

ಉಪಕಾರಸ್ಮರಣೆಯು ಸಜ್ಜನರ ಲಕ್ಷಣವೆಂದು ಹಿರಿಯರು ಹೇಳುವರು. ಆದರೆ ಅಧಿಕಾರದಲ್ಲಿದ್ದವರಿಗೆ ಪ್ರಜೆಗಳು ಸಲ್ಲಿಸುವ ಕೃತಜ್ಞತೆಯಲ್ಲಿ ಭಯವೆಷ್ಟು, ಪ್ರೀತಿಯೆಷ್ಟು ಎಂಬುದನ್ನು ತೂಗಿ ನೋಡುವುದು ಸುಲಭವಲ್ಲ. ಅದಕ್ಕೆ ಪ್ಲೇಗಿನ ಕಾಲಕ್ಕಿಂತ ತಕ್ಕ ಒರೆಗಲ್ಲು ದೊರೆಯದು.

ಕ್ರಿ. ಶ. 1896ನೆಯ ಸಪ್ಟಂಬರದಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ವ್ಯಾಧಿಯು ರೈಲುಮಾರ್ಗವನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಮುಂಬಯಿಯಿಂದ ಕಲಬುರ್ಗಿಯ ಮೇಲೆ ರಾಯಚೂರಿಗೆ ಹೋಗುವ ಹಾದಿಯು 1871ರಲ್ಲಿಯೇ ಪೂರ್ಣವಾಗಿತ್ತು. ವ್ಯಾಪಾರವನ್ನು ತಂದ ಆ ಕಬ್ಬಿಣದ ದಾರಿಯೇ ಮಾರಿಯನ್ನೂ ತಂದಿತು. ನಿಜಾಮ ಸಂಸ್ಥಾನದ ಪಡುವಣ ಜಿಲ್ಲೆಗಳು ಮುಂದಿನ ವರ್ಷಗಳಲ್ಲಿ ಮರಳಿ ಮರಳಿ ಬೆಂದುವು. ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕಡೆಗೆ ಆಗ ರೈಲಿರಲಿಲ್ಲ. ಅದು ಬಂದುದು 2017ರಲ್ಲಿ. ಆದರೇನು, ಧಾನ್ಯದ ಗಾಡಿಗಳು ನಡೆಯುತ್ತಿದ್ದುವು. ಇಲಿಗೆ ಜೋಳದ ಚೀಲವೇ ಪಲ್ಲಕ್ಕಿ.

“ಇಲಿ ಬಿತ್ತು” ಎಂಬ ಮಾತು ಕಿವಿಗೆ ಬಿದ್ದೊಡನೆ ಈ ನಾಡಿನ ಹಳ್ಳಿಗರು ಮನೆಗಳಿಗೆ ಬೀಗವಿಕ್ಕಿ, ಮಕ್ಕಳು-ದನಕರುಗಳೊಡನೆ ಹೊಲಗಳಿಗೆ ಹೋಗಿ ಗುಡಿಸಲು ಹಾಕುತ್ತಿದ್ದರು. ಸರಕಾರದವರಾದರೋ ಬಹುಕಾಲ ಗೋಡೆ-ನೆಲಗಳಿಗೆ ಔಷಧಿಯನ್ನು ಎರಚಿಸುವುದರಲ್ಲಿಯೇ ಇದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ಅಂಟಿಸುವುದೆಂದು ಫ್ರೆಂಚ್ ವೈದ್ಯನಾದ ಸಿಮೋಂ ಎಂಬವನು 1898ರಲ್ಲಿ ತೋರಿಸಿಕೊಟ್ಟನು; ಪಂಡಿತರು ಅದನ್ನು ಒಪ್ಪುವುದಕ್ಕೆ ಹತ್ತಿರ ಹತ್ತಿರ ಹತ್ತು ವರ್ಷಗಳು ಹಿಡಿದುವು. ಇಲಿಯಿರುವ ಮನೆಯನ್ನು ಬಿಟ್ಟು ಹೊರಗೆ ಬಯಲಿನಲ್ಲಿ ನಿಲ್ಲುವುದು ತಕ್ಕ ಉಪಾಯವೆಂದು ಅಕ್ಷರವರಿಯದ ಒಕ್ಕಲಿಗನು ಅದಕ್ಕೆ ಮೊದಲೇ ನಡೆದು ತೋರಿಸಿದ್ದನು.

ಬ್ರಿಟಿಷ್ ಸರಕಾರವು 1897ನೆಯ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿತು. ಅದರ ಬಲದಿಂದ ಪುಣೆಯಲ್ಲಿ ಸೋಲ್ಜರರು ದೇವರಮನೆ, ಅಡಿಗೆಯ ಮನೆಗಳೆನ್ನದೆ ನುಗ್ಗಿ ಶೋಧಿಸಿದರು. ಅಲ್ಲಿನ ಪ್ಲೇಗು ಅಧಿಕಾರಿಯಾದ ರಾಂಡನು ಅದೇ ವರ್ಷ ಜೂನ್ 22ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ರೋಗವನ್ನು ತಡೆಯಬೇಕೆಂಬುದು ಅವನ ಉದ್ದೇಶವಾಗಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಹೆಂಗಸರ ಮಾನವನ್ನೂ ಮನೆಯ ಆಚಾರವನ್ನೂ ಲೆಕ್ಕಿಸದ ಉಪಕಾರವು ಪ್ರಜೆಗಳಿಗೆ ಅಪಕಾರವಾಗಿಯೇ ತೋರಿತು. ಮೈಸೂರು ಸೀಮೆಯಲ್ಲಿಯೂ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ದಂಗೆಯೆದ್ದರು. ಕಾಲಕ್ರಮದಲ್ಲಿ ಎಲ್ಲೆಡೆಯೂ ಬಲಾತ್ಕಾರವು ಸಡಿಲಗೊಂಡಿತು.

ಕನ್ನಡ ನಾಡಿನಲ್ಲಿಯೇ ಬೇರೊಂದು ಬಗೆಯ ಅಧಿಕಾರಿಗಳೂ ಕಾಣಿಸಿದರು. ಹುಬ್ಬಳ್ಳಿಯಲ್ಲಿ 1898ರಲ್ಲಿ ಡಾಕ್ಟರ್ ಲ್ಯೂಮನ್ ಎಂಬವರು ಹಾಫ್‌ಕಿನ್ ಪಂಡಿತನ ಲಸಿಕೆಯನ್ನು ಹತ್ತಾರು ಸಾವಿರ ಜನರಿಗೆ ಹಾಕಿದರು. ಧಾರವಾಡದಲ್ಲಿ ಅದೇ ಕೆಲಸಕ್ಕೆ ಆಲಿಸ್ ಕಾರ್ಥಾರ್ನ್ ಎಂಬ ಸ್ತ್ರೀವೈದ್ಯೆಯು ನಿಂತಳು. ಪರಪುರುಷನ ಮುಂದೆ ತೋಳು ಚಾಚಲು ನಾಚುವ ಗೃಹಿಣಿಯರಿಗೆ ಹೆಣ್ಣೊಬ್ಬಳು ವೈದ್ಯಳಾಗಿ ಎದುರಿಗಿರುವುದು ಎಷ್ಟು ದೊಡ್ಡ ನೆಮ್ಮದಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿಗೆ ಮಾರಿಯು 1898ನೆಯ ಆಗಸ್ಟಿನಲ್ಲಿ ಹೊಕ್ಕಿತು. ಅಲ್ಲಿ ಪ್ಲೇಗು ಕಮಿಷನರರಾಗಿದ್ದ ವಿ. ಪಿ. ಮಾಧವರಾಯರಿಗೆ 1899ರಲ್ಲಿ ಸಿ. ಐ. ಇ. ಬಿರುದು ಬಂದಿತು, 1906ರಲ್ಲಿ ಅವರು ದಿವಾನರೂ ಆದರು. ಆದರೆ ಆ ಕಾಲದ ಸೇವಕರಲ್ಲಿ ವಿಶೇಷವಾಗಿ ನೆನೆಯಬೇಕಾದವರು ಡಾಕ್ಟರ್ ಪಲ್ಪು (1863–1950). ತಿರುವಾಂಕೂರಿನ ಈಳವ ಕುಲದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದ ಇವರಿಗೆ ಸ್ವದೇಶದ ಸರಕಾರವು ಜಾತಿಯ ಕಾರಣದಿಂದ ಉದ್ಯೋಗವನ್ನು ಕೊಡಲಿಲ್ಲ. ಮೈಸೂರು ಸಂಸ್ಥಾನವು ಕೊಟ್ಟಿತು. ಕುಲವನ್ನು ಕೇಳಿ ಮನುಷ್ಯನ ಬೆಲೆ ಕಟ್ಟಬಾರದೆಂದು ಬಸವಾದಿ ಪ್ರಮಥರಿಂದ ಕೇಳಿದ ನಾಡಿಗೆ ಇದು ತಕ್ಕುದೇ ಆಯಿತು. ಸೋಂಕಿನ ಭಯದಿಂದ ಬಂಧುಗಳೇ ದೂರ ಸರಿಯುತ್ತಿದ್ದ ದಿನಗಳಲ್ಲಿ ಪಲ್ಪುರವರು ಪ್ಲೇಗಿನ ಶಿಬಿರದ ಹೊಣೆಯನ್ನು ಹೊತ್ತರು. ಬದುಕಿ ಬರುವ ಭರವಸೆಯಿಲ್ಲದೆ ಮರಣಪತ್ರವನ್ನು ಬರೆದಿಟ್ಟಿದ್ದರೆಂದು ಅವರ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ತನ್ನನ್ನು ಅಂಗಳದಲ್ಲಿಯೇ ನಿಲ್ಲಿಸುವ ಮನೆಯವರ ರೋಗಿಗಳನ್ನೂ ಮುಟ್ಟಿ ನೋಡಿದವನ ಸೇವೆಯನ್ನು ಬರಿಯ ನೌಕರಿಯೆನ್ನಲಾದೀತೆ?

ಸರಕಾರದ ಕಡೆಯ ಕೃತಜ್ಞತೆಯು ಹಿಡಿದ ದಾರಿ ಬೇರೆ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಇಲಿಗಳು ಹೊಗದಂತೆ ಮನೆಗಳನ್ನು ಕಟ್ಟಿಸಿ ಒಂದು ಹೊಸ ಬಡಾವಣೆಯನ್ನು ನಿರ್ಮಿಸಿದಾಗ, 1910ರಲ್ಲಿ ಅದಕ್ಕೆ ರೆಸಿಡೆಂಟರಾದ ಸ್ಟೂಅರ್ಟ್ ಫ್ರೇಜರರ ಹೆಸರನ್ನಿಟ್ಟರು. ಅದರ ಯೋಜನೆಯಲ್ಲಿ ದುಡಿದವರು ಪುರಸಭೆಯ ಜೆ. ಎಚ್. ಸ್ಟೀಫನ್ಸರು. ಈಗ ಅದಕ್ಕೆ ಪುಲಕೇಶಿನಗರವೆಂಬ ಹೆಸರೂ ಉಂಟು. ಸಾಮಾನ್ಯ ಜನರು ಮಾತ್ರ ಬೇರೆ ಬೇರೆ ಊರುಗಳಲ್ಲಿ ಪ್ಲೇಗಮ್ಮನೆಂಬ ದೇವಿಗೆ ಗುಡಿ ಕಟ್ಟಿದರು. ಇಷ್ಟಲಿಂಗನಿಷ್ಠರಿಗೆ ಅದು ಸಮ್ಮತವಲ್ಲ. ಆದರೂ ಬದುಕಿ ಉಳಿದವನು ಯಾರಿಗಾದರೂ ಕೈಮುಗಿಯದೆ ಇರಲಾರನೆಂಬುದಕ್ಕೆ ಆ ಗುಡಿಗಳು ಸಾಕ್ಷಿ.

ಕಲಬುರ್ಗಿಯು ಸುಭೆಯ ಕಸಬೆ. ಅಲ್ಲಿ ಸುಭೇದಾರ, ತಾಲ್ಲೂಕುದಾರರ ಕಚೇರಿಗಳಿದ್ದುವು. ಕಮಲಾಪುರದಂತಹ ಊರುಗಳಲ್ಲಿ ಅಧಿಕಾರವೆಂದರೆ ಪಟೇಲ, ಕುಲಕರ್ಣಿ, ತಳವಾರರೇ. ಜನರೆಲ್ಲ ಹೊಲದ ಗುಡಿಸಲುಗಳಿಗೆ ಹೋದ ಮೇಲೆ ಬರಿದಾದ ಬೀದಿಗಳಲ್ಲಿ ರಾತ್ರಿ ಪಹರೆ ತಿರುಗಿ, ಬೀಗ ಹಾಕಿದ ಮನೆಗಳನ್ನು ಕಾಯುವುದು ತಳವಾರನ ಪಾಲಿಗೆ ಬರುತ್ತಿತ್ತು. ಅವನಿಗೆ ಬಿರುದೂ ಇಲ್ಲ, ಪದಕವೂ ಇಲ್ಲ. ಮಾರಿ ಅಡಗಿ, ಜನರು ಊರಿಗೆ ಮರಳಿ, ಸುಗ್ಗಿಯಾದಾಗ ಕಣದಲ್ಲಿ ರಾಶಿಯ ಬದಿಗೆ ನಿಂತ ಅವನಿಗೆ ಒಕ್ಕಲಿಗರು ವಾಡಿಕೆಯ ಆಯವನ್ನು ಅಳೆದು ಕೊಡುತ್ತಿದ್ದರು.