ನಕಲಿಗೂ ವಯಸ್ಸಾಗುತ್ತದೆ

‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ನೋಡಿದವರು ಆ ಗನ್ ಅಂಗಡಿ ಸೀನ್ ಮರೆತಿರಲಿಕ್ಕಿಲ್ಲ. ಮರುಭೂಮಿ ದಾಟಿ, ಬಾಯಿ ಒಣಗಿಸಿಕೊಂಡು ಬಂದ ಟೂಕೊ ಸೀದಾ ಅಂಗಡಿಗೆ ನುಗ್ಗಿ ಒಂದಷ್ಟು ರಿವಾಲ್ವರ್ ಮುಂದೆ ಹರಡಿಕೊಳ್ಳುತ್ತಾನೆ. ಒಂದರ ನಳಿಗೆ ಬಿಚ್ಚಿ ಒಳಗೆ ಇಣುಕುತ್ತಾನೆ. ಇನ್ನೊಂದರ ಸಿಲಿಂಡರನ್ನು ಕಿವಿ ಹತ್ತಿರ ಹಿಡಿದು ತಿರುಗಿಸಿ ಟಿಕ್ ಟಿಕ್ ಸದ್ದು ಕೇಳುತ್ತಾನೆ, ಸಂತೆಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುವವರ ಹಾಗೆ. ಕೊನೆಗೆ ಬೇರೆ ಬೇರೆ ಗನ್ನಿನ ಭಾಗಗಳನ್ನು ಆರಿಸಿ, ಒಂದಕ್ಕೊಂದು ಕೂಡಿಸಿ, ತನಗೆ ಬೇಕಾದ ಒಂದೇ ರಿವಾಲ್ವರ್ ಮಾಡಿಕೊಂಡು ಅಂಗಡಿಯವನನ್ನೇ ದೋಚಿ ಹೊರಡುತ್ತಾನೆ.

ಸೀನ್ ಸೂಪರ್. ಇತಿಹಾಸ ಮಾತ್ರ ಸ್ವಲ್ಪ ಡೌಟು. ಕಥೆ ನಡೆಯುವುದು 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ. ಆ ಕಾಲದ ರಿವಾಲ್ವರ್‌ಗಳ ಭಾಗಗಳು ಹೀಗೆ ಒಂದರದ್ದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿರಲಿಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ಕಾರ್ಖಾನೆಯಲ್ಲಿ ಎಲ್ಲವೂ ಯಂತ್ರದಿಂದಲೇ, ಎಲ್ಲ ಭಾಗವೂ ಅದಲುಬದಲು ಅಂತ ಜಂಬ ಕೊಚ್ಚಿಕೊಂಡಿದ್ದೇನೋ ನಿಜ. ಆದರೆ 1854ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಈ ಬಗ್ಗೆ ವಿಚಾರಣೆ ನಡೆಸಿದಾಗ, ಕೋಲ್ಟ್‌ನದೇ ಲಂಡನ್ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದ ಮನುಷ್ಯ ಬಂದು ಅದು ಪೂರ್ತಿ ನಿಜವಲ್ಲ ಎಂದು ಸಾಕ್ಷಿ ಹೇಳಿದ. ಕೊನೆಯಲ್ಲಿ ಕೈಯಲ್ಲಿ ಅರ ಹಿಡಿದು ಉಜ್ಜಲೇಬೇಕಿತ್ತು. ಅದಕ್ಕೇ ಕೋಲ್ಟ್ ರಿವಾಲ್ವರ್‌ಗಳ ನಳಿಗೆ, ಚೌಕಟ್ಟು, ಸಿಲಿಂಡರ್, ಬೆಣೆ ಹೀಗೆ ಒಂದೊಂದರ ಮೇಲೂ ಒಂದೇ ಸೀರಿಯಲ್ ನಂಬರ್ ಒತ್ತಿರುವುದು. ಹೊಂದಿಸಿದ ಜೋಡಿ ಕಳೆದುಹೋಗದಿರಲಿ ಅಂತ.

ಇನ್ನೂ ಒಂದು ತಮಾಷೆ ಇದೆ. ಇಟಲಿಯವರು ತೆಗೆದ ಆ ಕಾಲದ ಕೌಬಾಯ್ ಸಿನಿಮಾಗಳಲ್ಲಿ ಕಾಣುವ ಇಂಥ ರಿವಾಲ್ವರ್‌ಗಳಲ್ಲಿ ಬಹುಪಾಲು ಅಮೆರಿಕದ್ದಲ್ಲ. ಇಟಲಿಯಲ್ಲೇ ಮಾಡಿದ ನಕಲುಗಳು. ಸಿನಿಮಾ ಬಂದದ್ದು 1966ರಲ್ಲಿ, ಆಗ ಆ ನಕಲುಗಳು ಹೊಚ್ಚ ಹೊಸವು. ಈಗ ಅವಕ್ಕೂ ತಲೆ ನರೆತಿದೆ. ನನಗೆ ಕುತೂಹಲ ಇರುವುದು ಈ ವಯಸ್ಸಾದ ನಕಲುಗಳ ಬಗ್ಗೆ. ಯಾಕೆಂದರೆ ಹಳೆಯ ರಿವಾಲ್ವರ್‌ಗಳು ಎಷ್ಟು ಚೆನ್ನಾಗಿ ಗುರಿ ಹೊಡೆಯುತ್ತಿದ್ದವು ಎಂದು ಇವತ್ತು ನಾವು ಆಡುವ ಮಾತುಗಳಲ್ಲಿ ಹೆಚ್ಚಿನವು ಅಸಲಿಯನ್ನು ನೋಡಿ ಹೇಳಿದ್ದಲ್ಲ, ನಕಲನ್ನು ನೋಡಿ ಹೇಳಿದ್ದು.

ಮೊದಲು ಈ ಯಂತ್ರ ಕೆಲಸ ಮಾಡುವುದು ಹೇಗೆ ಅಂತ ನೋಡೋಣ. ಇವತ್ತಿನ ರಿವಾಲ್ವರ್‌ಗೆ ಸಿದ್ಧ ತೋಟಾ ತುರುಕಿದರೆ ಮುಗಿಯಿತು. 1851ರ ಕೋಲ್ಟ್ ನೇವಿಯಂಥದ್ದಕ್ಕೆ ಸಿಲಿಂಡರಿನ ಆರೂ ಗೂಡಿಗೆ ಮುಂದಿನಿಂದ ಕರಿಮದ್ದು ಸುರಿದು, ಅದರ ಮೇಲೆ ಸೀಸದ ಗುಂಡಿಟ್ಟು, ನಳಿಗೆ ಕೆಳಗಿರುವ ಸನ್ನೆಯಿಂದ ಗಟ್ಟಿಯಾಗಿ ಒತ್ತಬೇಕು. ಗುಂಡು ಗೂಡಿಗಿಂತ ಕೂದಲೆಳೆಯಷ್ಟು ದಪ್ಪ. ಒತ್ತಿದಾಗ ಸೀಸದ ಒಂದು ತೆಳು ಉಂಗುರ ಕತ್ತರಿಸಿಕೊಂಡು ಹೊರಗೆ ಬಿದ್ದರೆ ಗುಂಡು ಬಿಗಿಯಾಗಿ ಕೂತಿದೆ ಎಂದರ್ಥ. ಆಮೇಲೆ ಹಿಂಬದಿಯ ಆರು ಮೊಲೆಗಳಿಗೆ ಒಂದೊಂದು ತಾಮ್ರದ ಕೇಪು. ದೀಪಾವಳಿಯಲ್ಲಿ ಮಕ್ಕಳು ಹೊಡೆಯುವ ಕೇಪಿನ ತತ್ವವೇ ಇದು, ಪೆಟ್ಟು ಬಿದ್ದರೆ ಕಿಡಿ. ನಮ್ಮ ಮಲೆನಾಡಿನ ಕೇಪಿನ ಕೋವಿಯೂ ಇದೇ ವಂಶದ್ದು.

ಹ್ಯಾಮರ್ ಹಿಂದಕ್ಕೆಳೆದಾಗ ಒಳಗಿನ ಪುಟ್ಟ ಕೊಕ್ಕೆಯೊಂದು ಸಿಲಿಂಡರನ್ನು ಆರನೇ ಒಂದು ಸುತ್ತು ತಿರುಗಿಸುತ್ತದೆ. ಸರಿಯಾದ ಜಾಗಕ್ಕೆ ಬರುತ್ತಿದ್ದ ಹಾಗೆ ಚಿಲಕದಂಥ ಇನ್ನೊಂದು ತುಂಡು ಕೆಳಗಿನಿಂದ ಎದ್ದು, ಸಿಲಿಂಡರಿನ ಮೈಮೇಲಿನ ಕಚ್ಚಿಗೆ ಸಿಕ್ಕಿ ಅದನ್ನು ನಿಲ್ಲಿಸುತ್ತದೆ. ಟೂಕೊ ಕಿವಿಗೊಟ್ಟು ಕೇಳುತ್ತಿದ್ದದ್ದು ಇದನ್ನೇ. ಗುಂಡು ಹಾರಿದಾಗ ಗೂಡಿನಿಂದ ಹೊರಟು, ನಡುವಿನ ಸಣ್ಣ ಸಂದು ದಾಟಿ, ನಳಿಗೆಯೊಳಗೆ ನೆಗೆಯಬೇಕು. ಗೂಡೂ ನಳಿಗೆಯೂ ನೇರ ಇಲ್ಲದಿದ್ದರೆ ಗುಂಡು ಒಂದು ಪಕ್ಕ ಸವರಿಕೊಂಡು ಹೋಗುತ್ತದೆ. ಅಲ್ಲಿಗೆ ಗುರಿ ಕೆಟ್ಟಿತು. ಆರು ಗೂಡು ಎಂದರೆ ಆರು ಬೇರೆ ಬೇರೆ ಬಂದೂಕು ಇದ್ದ ಹಾಗೆ ಎಂದೇ ಲೆಕ್ಕ.

ಈಗ ನಕಲಿನ ಕತೆಗೆ ಬರೋಣ. ಅಮೆರಿಕದ ಅಂತರ್ಯುದ್ಧಕ್ಕೆ 1961ರಲ್ಲಿ ನೂರು ವರ್ಷ ತುಂಬಲಿತ್ತು. ಹಳೆಯ ಯುದ್ಧಗಳನ್ನು ವೇಷ ಹಾಕಿ ಆಡಿ ತೋರಿಸುವ ಗೀಳು ಅಲ್ಲಿ ಶುರುವಾಗಿತ್ತು. ಆದರೆ ಅಸಲಿ ಕೋಲ್ಟ್‌ಗಳು ದುಬಾರಿ, ಅಪರೂಪ. ನೇವಿ ಆರ್ಮ್ಸ್ ಕಂಪನಿಯ ವ್ಯಾಲ್ ಫರ್ಗೆಟ್ ಎಂಬಾತ 1950ರ ದಶಕದ ಕೊನೆಯಲ್ಲಿ ಇಟಲಿಯ ದಾರಿ ಹಿಡಿದ. ಬ್ರೆಶಾ ಊರಿನ ಮೇಲಿರುವ ಗಾರ್ದೋನೆ ವಾಲ್ ಟ್ರೋಂಪಿಯಾ ಎಂಬ ಕಣಿವೆಯ ಪಟ್ಟಣ ಶತಮಾನಗಳಿಂದ ಬಂದೂಕು ಮಾಡುವವರ ಊರು. ಬೆರೆಟ್ಟಾ ಕಂಪನಿ 1526ರಿಂದ ಅಲ್ಲೇ ಇದೆ. ಆಲ್ಡೊ ಉಬೆರ್ಟಿ 1959ರಲ್ಲಿ ಅಲ್ಲೇ ತನ್ನ ಕಂಪನಿ ತೆರೆದ. ಮೊದಲ ಮಾಲು 1851ರ ನೇವಿಯ ನಕಲು. ಆಮೇಲೆ ಪಿಯೆಟ್ಟಾ ಮತ್ತು ಇನ್ನೂ ಹಲವರು ಬಂದರು.

ಮಾರುಕಟ್ಟೆಗೆ ಬೇಕಿದ್ದದ್ದು ನೋಡಲು ಥೇಟ್ ಹಳೆಯದರಂತೆ ಇರುವ, ಜೇಬಿಗೆ ಹೊರೆಯಾಗದ ರಿವಾಲ್ವರ್. ಅದನ್ನೇ ಕೊಟ್ಟರು. ಸಿಲಿಂಡರಿನ ಸುತ್ತ ಅಸಲಿಯಲ್ಲಿ ಕೆತ್ತಿದ್ದ ನೌಕಾಯುದ್ಧದ ಚಿತ್ರವನ್ನೂ ಬಿಡಲಿಲ್ಲ. ಅದು 1843ರಲ್ಲಿ ಟೆಕ್ಸಾಸ್‌ನ ಪುಟ್ಟ ನೌಕಾಪಡೆ ಮೆಕ್ಸಿಕೊ ಜೊತೆ ಕಾದಾಡಿದ ದೃಶ್ಯ, ‘ನೇವಿ’ ಎಂಬ ಹೆಸರು ಬಂದದ್ದೂ ಅದರಿಂದಲೇ. ಕಣ್ಣಿಗೆ ಕಾಣುವುದೆಲ್ಲ ಸರಿ. ಕಾಣದ ಕಡೆ ಕೈ ಸ್ವಲ್ಪ ಸಡಿಲ.

ಎಲ್ಲೆಲ್ಲಿ ಅಂತ ಕೇಳಿ. ಮೊದಲನೆಯದಾಗಿ ಅಳತೆ. ಗೂಡಿನ ಅಗಲ ನಳಿಗೆಯೊಳಗಿನ ಗೀರುಗಳ ಅಗಲಕ್ಕೆ ಸಮ ಇರಬೇಕು, ಇಲ್ಲವೇ ತುಸು ಹೆಚ್ಚಿರಬೇಕು. ಎಷ್ಟೋ ಇಟಾಲಿಯನ್ ನಕಲುಗಳಲ್ಲಿ ಗೂಡೇ ಕಿರಿದು. ಇಂಚಿನ ಸಾವಿರದ ಕೆಲವೇ ಭಾಗದಷ್ಟು ವ್ಯತ್ಯಾಸ, ಆದರೆ ಅಷ್ಟೇ ಸಾಕು. ಗೂಡು ಗುಂಡನ್ನು ತನ್ನ ಅಳತೆಗೆ ಕೊರೆದುಬಿಡುತ್ತದೆ. ಆ ಸಣಕಲು ಗುಂಡು ನಳಿಗೆಯೊಳಗೆ ಸರಿಯಾಗಿ ಕಚ್ಚಿಕೊಳ್ಳದೆ ಜಾರುತ್ತಾ ಹೋಗುತ್ತದೆ. ಎರಡನೆಯದು ಗೀರು. ಅಸಲಿ ನೇವಿಯ ನಳಿಗೆಯಲ್ಲಿ ಸುರುಳಿ ಗೀರು ಆರಂಭದಲ್ಲಿ ನಿಧಾನವಾಗಿ, ತುದಿಗೆ ಹೋದಂತೆ ಹೆಚ್ಚು ಬಿಗಿಯಾಗಿ ತಿರುಗುತ್ತದೆ. ಗುಂಡಿಗೆ ಒಮ್ಮೆಲೇ ತಿರುವು ಕೊಡದೆ ರೂಢಿ ಮಾಡಿಸುವ ಉಪಾಯ. ನಕಲಿನಲ್ಲಿ ಉದ್ದಕ್ಕೂ ಒಂದೇ ತಿರುವು, ಕೆತ್ತಲು ಸುಲಭ ಅಂತ.

ಮೂರನೆಯದೇ ನಿಜವಾದ ತಲೆನೋವು. ಕೋಲ್ಟ್ ವಿನ್ಯಾಸದಲ್ಲಿ ಸಿಲಿಂಡರಿನ ಮೇಲ್ಗಡೆ ಚೌಕಟ್ಟಿನ ಪಟ್ಟಿ ಇರಲ್ಲ, ಬಯಲು. ಸಿಲಿಂಡರಿನ ನಡುವೆ ಹಾದುಬರುವ ದಪ್ಪ ಸರಳೊಂದಕ್ಕೆ ನಳಿಗೆಯನ್ನು ಸಿಕ್ಕಿಸಿ ಅಡ್ಡಲಾಗಿ ಬೆಣೆ ಹೊಡೆಯುತ್ತಾರೆ. ಅಸಲಿಯಲ್ಲಿ ಸರಳಿನ ತುದಿ ನಳಿಗೆಯ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಬೆಣೆ ಎಷ್ಟೇ ಬಿಗಿ ಹೊಡೆದರೂ ನಳಿಗೆ ಅದಕ್ಕಿಂತ ಹಿಂದೆ ಬರಲ್ಲ. ಉಬೆರ್ಟಿಯ ನಕಲುಗಳಲ್ಲಿ ಸರಳು ತಳ ಮುಟ್ಟುವುದೇ ಇಲ್ಲ. ಹಾಗಾಗಿ ಬೆಣೆಗೆ ಒಂದೇಟು ಜಾಸ್ತಿ ಬಿದ್ದರೆ ನಳಿಗೆ ಹಿಂದೆ ಬಂದು ಸಿಲಿಂಡರ್ ಹಿಡಿದುಕೊಳ್ಳುತ್ತದೆ. ಒಂದೇಟು ಕಮ್ಮಿಯಾದರೆ ಸಂದು ದೊಡ್ಡದಾಗಿ, ನಳಿಗೆಯ ಮುಖ ಚೂರು ವಾಲುತ್ತದೆ. ತೊಳೆಯಲು ಬಿಚ್ಚಿ ಜೋಡಿಸಿದಾಗಲೆಲ್ಲ ಗುರಿ ಬದಲು. ಹಿಡಿ ಅಲ್ಲಾಡುವ ಕುಡುಗೋಲಿನಲ್ಲಿ ಹುಲ್ಲು ಕೊಯ್ದ ಹಾಗೆ.

ಬಿಚ್ಚುವುದು ತಪ್ಪುವುದೂ ಇಲ್ಲ. ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣ ತಿನ್ನುತ್ತದೆ. ಆವತ್ತೇ ಬಿಸಿನೀರು ಸೋಪು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಇಲ್ಲಿ ಒಂದು ತಪ್ಪುಕಲ್ಪನೆ ಇದೆ. ಹಳೆಯ ಗನ್ ಅಂದರೆ ಹೊಡೆದೂ ಹೊಡೆದೂ ನಳಿಗೆ ಸವೆದಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಮೆತ್ತನೆ ಸೀಸ, ಕಡಿಮೆ ಒತ್ತಡ, ಇವುಗಳಿಂದ ನಳಿಗೆ ಅಷ್ಟು ಬೇಗ ಸವೆಯಲ್ಲ. ನಳಿಗೆಯನ್ನು ಕೊಲ್ಲುವುದು ತೊಳೆಯದೆ ಬಿಟ್ಟ ರಾತ್ರಿಗಳು.

ಸವೆಯುವುದು ಸಣ್ಣಪುಟ್ಟ ಭಾಗಗಳು. ಸಿಲಿಂಡರ್ ತಿರುಗಿಸುವ ಕೊಕ್ಕೆ ಮೊಂಡಾದರೆ ಸಿಲಿಂಡರ್ ಪೂರ್ತಿ ತಿರುಗದೆ ಅರೆಮನಸ್ಸಿನಲ್ಲಿ ನಿಲ್ಲುತ್ತದೆ. ಚಿಲಕ ಸವೆದರೆ ನಿಂತ ಮೇಲೂ ಅಲ್ಲಾಡುತ್ತದೆ. ಚಿಲಕ ಬೇಗ ಎದ್ದುಬಿಟ್ಟರೆ ಸಿಲಿಂಡರಿನ ಮೈಸುತ್ತ ಉಂಗುರದಂತೆ ಗೀರು ಬೀಳುತ್ತದೆ. ಹಳೆಯ ನಕಲು ಕೊಳ್ಳುವವರು ಮೊದಲು ನೋಡುವುದೇ ಆ ಗೀರನ್ನು. ಪಟ್ಟಿ ಸ್ಪ್ರಿಂಗುಗಳು ಮುರಿಯುತ್ತವೆ. ಕೇಪು ಕೂರುವ ಮೊಲೆಯ ತೂತು ಬಿಸಿಗೆ ಅಗಲವಾಗುತ್ತದೆ. ಸಿಡಿದ ಕೇಪಿನ ಚೂರು ಹ್ಯಾಮರಿನ ಸಂದಿಯಲ್ಲಿ ಬಿದ್ದು ಇಡೀ ಯಂತ್ರ ಸಿಕ್ಕಿಕೊಳ್ಳುವುದಂತೂ ಅಸಲಿಗೂ ನಕಲಿಗೂ ಸಮಾನ ಶಾಪ. 1960-70ರ ದಶಕದ ಅಗ್ಗದ ನಕಲುಗಳಲ್ಲಿ ಈ ಭಾಗಗಳ ಉಕ್ಕು ಹಲವು ಸಲ ಮೆತ್ತಗೆ. ರೆಮಿಂಗ್ಟನ್ ಮಾದರಿಗಳು ಇದರಲ್ಲಿ ಸ್ವಲ್ಪ ವಾಸಿ. ಮೇಲ್ಗಡೆ ಪಟ್ಟಿ ಇರುವ ಇಡಿಯಾದ ಚೌಕಟ್ಟು ಅದು, ಬೆಣೆಯ ಗೋಳಿಲ್ಲ.

ಹಿತ್ತಾಳೆ ಚೌಕಟ್ಟಿನದು ಇನ್ನೊಂದೇ ಕತೆ. ಯುದ್ಧಕಾಲದಲ್ಲಿ ದಕ್ಷಿಣದ ರಾಜ್ಯಗಳಿಗೆ ಉಕ್ಕಿನ ಕೊರತೆ. ಜಾರ್ಜಿಯಾದ ಗ್ರಿಸ್ವಲ್ಡ್‌ವಿಲ್‌ನಲ್ಲಿ ಗ್ರಿಸ್ವಲ್ಡ್ ಮತ್ತು ಗನಿಸನ್ ಎಂಬವರು ಕೋಲ್ಟ್ ನೇವಿಯನ್ನು ಹಿತ್ತಾಳೆ ಚೌಕಟ್ಟಿನಲ್ಲಿ ಮಾಡಿದರು. ಅಂದರೆ ಅದೂ ಒಂದು ನಕಲೇ. ಅದನ್ನು ಮಾಡಿದ ಕೈಗಳಲ್ಲಿ ಹೆಚ್ಚಿನವು ಗುಲಾಮರವು. ತಮ್ಮನ್ನು ಗುಲಾಮಗಿರಿಯಲ್ಲೇ ಇಡಲು ಹೊರಟ ಸೈನ್ಯಕ್ಕೆ ಅವರು ರಿವಾಲ್ವರ್ ಜೋಡಿಸಿಕೊಡಬೇಕಾಯಿತು. 1864ರ ನವೆಂಬರ್‌ನಲ್ಲಿ ಜನರಲ್ ಶರ್ಮನ್‌ನ ಪಡೆ ಬಂದು ಆ ಕಾರ್ಖಾನೆಗೆ ಬೆಂಕಿ ಹಾಕಿತು.

ನೂರು ವರ್ಷ ಕಳೆದ ಮೇಲೆ ಇಟಲಿಯವರಿಗೆ ಹಿತ್ತಾಳೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಎರಕ ಹೊಯ್ಯಲು ಸುಲಭ, ಬೆಲೆ ಕಮ್ಮಿ, ಪಳಪಳ ಹೊಳೆಯುತ್ತದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಸಲಿ ನೇವಿ ಪಾಯಿಂಟ್ 36 ಕ್ಯಾಲಿಬರ್. ಕೊಳ್ಳುವವರಿಗೆ ದೊಡ್ಡದು ಬೇಕು ಅಂತ ಪಾಯಿಂಟ್ 44ರಲ್ಲೂ ಮಾಡಿದರು. ಹಿತ್ತಾಳೆ ಚೌಕಟ್ಟಿನ ಪಾಯಿಂಟ್ 44 ನೇವಿ ಎಂಬುದು ಇತಿಹಾಸದಲ್ಲಿ ಇರಲೇ ಇಲ್ಲ. ಅಸಲಿಯೇ ಇಲ್ಲದ ನಕಲು! ಪೂರ್ತಿ ಮದ್ದು ತುಂಬಿ ಹೊಡೆದ ಹಾಗೆಲ್ಲ ಸಿಲಿಂಡರ್ ಹಿಂದಕ್ಕೆ ಗುದ್ದಿ, ತನ್ನ ಹಲ್ಲಿನ ಗುರುತನ್ನು ಮೆತ್ತನೆ ಹಿತ್ತಾಳೆಯ ಮೇಲೆ ಮೂಡಿಸುತ್ತದೆ, ಸರಳಿನ ಬುಡ ಸಡಿಲವಾಗುತ್ತದೆ, ಸಂದು ಬೆಳೆಯುತ್ತದೆ. ಮಾಲೀಕ ಆಮೇಲೆ ಷರಾ ಬರೆಯುತ್ತಾನೆ, ಆ ಕಾಲದ ರಿವಾಲ್ವರ್‌ಗಳು ಇಷ್ಟೇ ಅಂತ.

ನನ್ನ ತಕರಾರು ಇರುವುದೇ ಇಲ್ಲಿ. 1865ರ ಜುಲೈ 21ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ಚೌಕದಲ್ಲಿ ವೈಲ್ಡ್ ಬಿಲ್ ಹಿಕಾಕ್ ಮತ್ತು ಡೇವಿಸ್ ಟಟ್ ಎದುರಾದರು. ಜೂಜಿನ ಸಾಲ, ಒಂದು ಗಡಿಯಾರ, ಮಾತಿಗೆ ಮಾತು. ನಡುವೆ ಸುಮಾರು 75 ಗಜ, ಅಂದರೆ ಕ್ರಿಕೆಟ್ ಪಿಚ್ಚಿನಿಂದ ಬೌಂಡರಿ ಹಗ್ಗದಷ್ಟು ದೂರ. ಇಬ್ಬರೂ ಹೊಡೆದರು, ಟಟ್ ಸತ್ತ. ಹಿಕಾಕ್ ಕೈಯಲ್ಲಿದ್ದದ್ದು ಕೋಲ್ಟ್ ನೇವಿ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಇವತ್ತು ನಕಲು ಹಿಡಿದು 25 ಗಜದಲ್ಲೇ ಗುರಿ ತಪ್ಪುವವರಿಗೆ ಇದು ಬರೀ ಅದೃಷ್ಟ ಅನ್ನಿಸುತ್ತದೆ. ಅದೃಷ್ಟ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ಆ ಮೂರು ದೋಷಗಳನ್ನು ಹಿಕಾಕ್‌ನ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಹತ್ತಿರದ ಗುರಿಗೆ ಕೋಲ್ಟ್ ಎತ್ತರಕ್ಕೆ ಹೊಡೆಯುತ್ತದೆ ಎಂಬುದು ಮಾತ್ರ ಅಸಲಿಯದೇ ಗುಣ. ಹ್ಯಾಮರಿನ ತಲೆಯ ಮೇಲಿನ ಕಚ್ಚೇ ಅದರ ಹಿಂದಿನ ಗುರಿಗಣ್ಣು, ಅದನ್ನು ಹೊಂದಿಸಿದ್ದು ದೂರದ ಗುರಿಗೆ. ಅಂದರೆ 75 ಗಜ ಎಂಬುದು ಅದಕ್ಕೆ ಅಷ್ಟೇನೂ ವಿಚಿತ್ರ ದೂರವಲ್ಲ.

ಅಸಲಿಯನ್ನೇ ಹೊಡೆದು ನೋಡಬಹುದಲ್ಲ ಎಂದರೆ, ಬೆಲೆ ನೋಡಿದವರು ಹೊಡೆಯಲ್ಲ, ಕಪಾಟಿನಲ್ಲಿಡುತ್ತಾರೆ. ಹೊಡೆಯುವ ಕೆಲವರಿದ್ದಾರೆ. ಹಳೆ ಮಾದರಿ ಬಂದೂಕುಗಳ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅಸಲಿ ಮತ್ತು ನಕಲಿಗೆ ಬೇರೆ ಬೇರೆ ವರ್ಗಗಳೇ ಇವೆ. ಹದಿಮೂರು ಗುಂಡು, ಅರ್ಧ ಗಂಟೆ, ಒಳ್ಳೆಯ ಹತ್ತು ಲೆಕ್ಕಕ್ಕೆ. ಅಲ್ಲಿಗೆ ಬರುವ ನಕಲುಗಳು ಅಂಗಡಿಯಿಂದ ತಂದಂತೆಯೇ ಇರುವುದು ಕಷ್ಟ. ಗೂಡು ಕೊರೆದು ಅಗಲಿಸಿ, ಕೊಕ್ಕೆ ಚಿಲಕ ಹೊಂದಿಸಿ, ಯಾರೋ ತಾಳ್ಮೆಯಿಂದ ಕೂತು ಕೆಲಸ ಮಾಡಿರುತ್ತಾರೆ.

ಅಸಲಿ-ನಕಲಿ ಗೆರೆ ಇನ್ನೂ ಕಲಸಿಹೋದದ್ದು 1971ರಲ್ಲಿ. ನಕಲಿನ ವ್ಯಾಪಾರ ನೋಡಿ ಕೋಲ್ಟ್ ಕಂಪನಿಯೇ 1851ರ ನೇವಿಯನ್ನು ಮತ್ತೆ ಮಾರಲು ಶುರು ಮಾಡಿತು. ಒರಟು ಭಾಗಗಳು ಬಂದದ್ದು ಇಟಲಿಯ ಉಬೆರ್ಟಿಯಿಂದ! ಅಮೆರಿಕದಲ್ಲಿ ಅರ ಹಾಕಿ, ಹೊಂದಿಸಿ, ಮೇಲೆ ಕೋಲ್ಟ್ ಹೆಸರು ಒತ್ತಿದರು. ಅವು ಈಗ ಸಂಗ್ರಾಹಕರ ಮಾಲು.

ಉಳಿದ ಸಾಮಾನ್ಯ ನಕಲುಗಳ ವಯಸ್ಸು ತಿಳಿಯಲು ಇಟಲಿಯ ಸರ್ಕಾರಿ ಪರೀಕ್ಷೆಯ ಮುದ್ರೆ ನೋಡಬೇಕು. ಚೌಕಟ್ಟಿನ ಮೇಲೆ ಪುಟ್ಟ ಪೆಟ್ಟಿಗೆಯೊಳಗೆ ಎರಡಕ್ಷರ. ‘ಎಎ’ ಎಂದಿದ್ದರೆ 1975, ‘ಎಬಿ’ ಎಂದರೆ 1976. ಅಂಥದ್ದೊಂದರ ಕೊಕ್ಕೆ ಮುರಿದರೆ ಅದೇ ಕಂಪನಿಯ ಹೊಸ ಭಾಗ ತರಿಸಬಹುದು. ಈಗಿನವು ಕಂಪ್ಯೂಟರ್ ಯಂತ್ರದಲ್ಲಿ ಕಡೆದದ್ದು, ಅಳತೆ ಕರಾರುವಾಕ್ಕು. ಆದರೆ ಹಳೆಯ ಗನ್ನಿನ ಅಳತೆ ಅದಲ್ಲ. ಹಾಗಾಗಿ ಹೊಸ ಕೊಕ್ಕೆಯನ್ನು ಹಿಡಿಕಟ್ಟಿಗೆ ಸಿಕ್ಕಿಸಿ, ಅರ ಕೈಗೆ ತೆಗೆದುಕೊಂಡು, ಎರಡೇಟು ಉಜ್ಜಿ, ಜೋಡಿಸಿ, ಹ್ಯಾಮರ್ ಎಳೆದು, ಕಿವಿಗೊಟ್ಟು ಕೇಳಿ, ಮತ್ತೆ ಬಿಚ್ಚಿ ಇನ್ನೆರಡು ಉಜ್ಜಬೇಕು.