ಹೋಗಾನ ಬಾರ್ಲಾ

ಜಕಾರ್ತದಲ್ಲಿ ಕೆಲಸದಲ್ಲಿರುವ ಬೇಲೂರು ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅಲ್ಲಿಯ ಹುಡುಗರು ಗೆಳೆಯರನ್ನು ಕರೆಯುವಾಗ ‘ಯುಕ್’ ಅನ್ನುತ್ತಾರಂತೆ. ‘ಮಾಕಾನ್ ಯುಕ್’ ಅಂದರೆ ಊಟ ಮಾಡೋಣ ಬಾ, ‘ಙೋಪಿ ಯುಕ್’ ಅಂದರೆ ಕಾಫಿ ಕುಡಿಯೋಣ ಬಾ. ಅದೂ ಸಾಲದೆ ಆ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಕುಯ್’ ಅಂತಲೂ ಕರೆಯುತ್ತಾರಂತೆ. ‘ಇಷ್ಟು ಚುಟುಕಾಗಿ ಜೊತೆಗೆ ಕರೆಯುವ ಪದ ನಮ್ಮಲ್ಲಿ ಯಾಕಿಲ್ಲ?’ ಎಂದು ಅವರು ಕೇಳಿದ್ದಾರೆ.

ಇದೆ ಸ್ವಾಮಿ, ನಿಮ್ಮ ಜಿಲ್ಲೆಯಲ್ಲೇ ಇದೆ. ಬಿಡಿಯಾಗಿ ನಿಲ್ಲದೆ ಕ್ರಿಯಾಪದದ ತುದಿಗೆ ಅಂಟಿಕೊಂಡಿರುವುದರಿಂದ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಹೋಗೋಣ, ತಿನ್ನೋಣ, ನೋಡೋಣ ಎಂಬಲ್ಲಿಯ ‘ಓಣ’ವೇ ಅದು. ಅರಸೀಕೆರೆ ಕಡೆ ಬಾಯಲ್ಲಿ ಹೋಗಾನ ಆಗುತ್ತದೆ, ಮಂಡ್ಯದತ್ತ ಹೋಗುಮ, ಧಾರವಾಡದಲ್ಲಿ ಹೋಗೂಣು, ಮಂಗಳೂರಿನಲ್ಲಿ ಹೋಗುವ, ಕುಂದಾಪುರದಲ್ಲಿ ಹೋಪ. ಇಷ್ಟು ವೇಷ ಹಾಕಿದ ಪ್ರತ್ಯಯ ಕನ್ನಡದಲ್ಲಿ ಹೆಚ್ಚಿಲ್ಲ.

ಇದರಲ್ಲಿ ಒಂದು ವಿಶೇಷವಿದೆ. ತಮಿಳರಿಗೆ ಎರಡು ಬಗೆಯ ‘ನಾವು’ ಇವೆ: ಕೇಳುವವನೂ ಸೇರಿದ ‘ನಾಮ್’, ಅವನನ್ನು ಬಿಟ್ಟ ‘ನಾಂಗಳ್’. ತೆಲುಗರಿಗೆ ಮನಮು, ಮೇಮು. ತುಳುವರಿಗೆ ನಮ, ಎಂಕುಲು. ಓದುಗರು ಈಗಿರುವ ಇಂಡೋನೇಷ್ಯಾದಲ್ಲೂ ‘ಕಿತಾ’ ಬೇರೆ, ‘ಕಾಮಿ’ ಬೇರೆ. ನಮಗಿರುವುದು ಒಂದೇ ‘ನಾವು’. ‘ನಾವು ಜಾತ್ರೆಗೆ ಹೋಗ್ತೀವಿ’ ಎಂದರೆ ಎದುರಿಗಿದ್ದವನಿಗೆ ತಾನು ಆ ಲೆಕ್ಕದಲ್ಲಿದ್ದೇನೋ ಇಲ್ಲವೋ ತಿಳಿಯದು. ‘ಹೋಗಾನ’ ಎಂದರೆ ಆ ಅನುಮಾನವಿಲ್ಲ, ಅವನು ಆಗಲೇ ಸೇರಿಹೋಗಿದ್ದಾನೆ. ಸರ್ವನಾಮದಲ್ಲಿ ನಾವು ಕಳೆದುಕೊಂಡದ್ದನ್ನು ಈ ಪುಟ್ಟ ಪ್ರತ್ಯಯ ಕಾಪಾಡಿಕೊಂಡು ಬಂದಿದೆ ಎಂದೇ ನನ್ನ ವಾದ. ವ್ಯಾಕರಣ ಪಂಡಿತರು ತಲೆಯಾಡಿಸದಿದ್ದರೂ ನಾನು ಇದನ್ನು ಬಿಡುವುದಿಲ್ಲ.

ಬಿಡದಿರಲು ಕಾರಣ ನಮ್ಮ ಸೋದರಮಾವ. ಅವನದು ಅರಸೀಕೆರೆ ತಾಲ್ಲೂಕಿನ ಹಳ್ಳಿ, ತೆಂಗಿನ ಸೀಮೆ. ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಕೂರಬೇಕು, ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಲ್ಲಾಡಬೇಕು. ಆಮೇಲೆ ಇಳಿಸಿ, ನೆಲಕ್ಕೆ ನೆಟ್ಟ ಹಾರೆಯಲ್ಲಿ ಮಟ್ಟೆ ಸುಲಿದು, ಒಳಗಿನ ಉಂಡೆಗೆ ಪೆಟ್ಟಾಗದ ಹಾಗೆ ಚಿಪ್ಪು ಒಡೆಯಬೇಕು. ಒಡಕು ಕೊಬ್ಬರಿಗೆ ಮಂಡಿಯಲ್ಲಿ ಬೆಲೆ ಇಲ್ಲ. ಒಬ್ಬರಿಂದ ಆಗುವ ಕೆಲಸವಲ್ಲ ಇದು. ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಹೊರಡುತ್ತಿದ್ದ. ವಾರಿಗೆಯವರ ಬಾಗಿಲಲ್ಲಿ ನಿಂತು ‘ನಾಳೀಕೆ ಕಾಯಿ ಸುಲಿಯಾನ ಬಾರ್ಲಾ’ ಅನ್ನುತ್ತಿದ್ದ. ಹಿರಿಯರ ಮನೆ ಮುಂದೆ ಅದೇ ಮಾತು ‘ಸುಲಿಯಾನ ಬರ್ರಣ್ಣ’ ಆಗುತ್ತಿತ್ತು, ಚಿಪ್ಪು ಒಡೆಯುವುದರಲ್ಲಿ ಕೈ ಪಳಗಿದ ಹೆಂಗಸರಿಗೆ ‘ಒಡೆಯಾನ ಬಾರಕ್ಕ’. ಕಾಯಿ ಅವನದು, ದುಡ್ಡೂ ಅವನಿಗೇ ಬರುವುದು. ಆದರೂ ‘ಸುಲಿದುಕೊಡಿ’ ಎಂದು ಒಮ್ಮೆಯೂ ಹೇಳಿದವನಲ್ಲ. ಹಾಗೆ ಹೇಳಿದ್ದರೆ ಕೂಲಿಯ ಮಾತು ಬರುತ್ತಿತ್ತು. ‘ಸುಲಿಯಾನ’ ಎಂದದ್ದರಿಂದ ಅದು ಮುಯ್ಯಾಳಾಯಿತು: ಇವತ್ತು ನನ್ನ ಅಂಗಳ, ಇನ್ನೊಂದು ದಿನ ನಿನ್ನ ಅಂಗಳ. ಕಾಗದವಿಲ್ಲ, ಸಹಿಯಿಲ್ಲ, ಆ ಪ್ರತ್ಯಯವೇ ಕರಾರು. ಹಾಗೆ ಕರೆದು, ತಿರುಗಿ ಅವರ ಅಂಗಳಕ್ಕೆ ಹೋಗದವನನ್ನು ಊರು ಮರೆಯುತ್ತಿರಲಿಲ್ಲ. ಈಗ ಸುಲಿಯುವುದು ಗುತ್ತಿಗೆ, ಸಾವಿರ ಕಾಯಿಗಿಷ್ಟು ಎಂದು. ‘ಸುಲಿಯಕ್ಕೆ ಆಳು ಬೇಕು’ ಎಂದು ಫೋನಿನಲ್ಲಿ ಹೇಳಿದರೆ ಮುಗಿಯಿತು. ಕೆಲಸ ಬೇಗ ಆಗುತ್ತದೆ, ಒಪ್ಪುತ್ತೇನೆ. ಮಾತು ಬಡವಾಯಿತು, ಅದನ್ನು ಒಪ್ಪಲಾರೆ.

ಇನ್ನು ‘ಲಾ’. ಇದನ್ನು ‘ಎಲಾ’ದಿಂದ ಎಳೆದು ತರುವವರು ತರಲಿ, ನನಗೆ ಕುತೂಹಲ ಆ ದೀರ್ಘದಲ್ಲಿ. ಅರಸೀಕೆರೆ ಬಯಲು. ತೋಟದ ಆ ತುದಿಯಲ್ಲಿರುವವನಿಗೆ ಕೇಳಿಸಬೇಕಾದರೆ ಬಾಯಿ ಪೂರ್ತಿ ತೆರೆಯುವ ಸ್ವರವೇ ಬೇಕು. ಬೇಲೂರಿನಿಂದ ಪಡುವಣಕ್ಕೆ, ಮಳೆ ಹೆಚ್ಚಿರುವ ಕಡೆ ಹೋದಂತೆ ‘ಬಾ ಮಾರಾಯ’ ಶುರುವಾಗುತ್ತದೆ; ಅದು ಪಕ್ಕದಲ್ಲಿ ಕೂತವನಿಗೆ ಹೇಳುವ ಮಾತು. ಹಳೇಬೀಡಿನ ಬಸ್ ನಿಲ್ದಾಣದಲ್ಲಿ ನನಗೆ ಎರಡೂ ಕಿವಿಗೆ ಬಿದ್ದಿವೆ. ಬಯಲು ‘ಲಾ’ವನ್ನು ಬೆಳೆಸಿತು, ಮಲೆ ‘ಮಾರಾಯ’ನನ್ನು ಸಾಕಿತು ಎಂಬುದು ನನ್ನ ಬಹುಕಾಲದ ಊಹೆ.

ಕರೆಯುವಾಗ ಕನ್ನಡ ತನ್ನ ನಡಿಗೆಯನ್ನೇ ಬದಲಿಸುತ್ತದೆ ಎಂಬುದನ್ನೂ ಗಮನಿಸಿ. ಮಾಮೂಲಿ ವಾಕ್ಯದಲ್ಲಿ ಕೊನೆಗೆ ಕೂರುವ ಕ್ರಿಯಾಪದ ಇಲ್ಲಿ ಮೊದಲಿಗೇ ಎದ್ದು ನಿಲ್ಲುತ್ತದೆ: ‘ಬಾರೋ ಸೀನ’, ‘ನಡಿಯೇ ಗೌರಿ’. ಈ ಸೀಮೆಯ ರಾಜವಂಶಕ್ಕೆ ಹೆಸರು ತಂದ ಕಥೆಯೂ ಇದೇ ಅಚ್ಚಿನದು. ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಮೇಲೆರಗಿದ ಹುಲಿಯನ್ನು ಕಂಡು ಮುನಿ ಶಿಷ್ಯನಿಗೆ ‘ಹೊಯ್ ಸಳ’ ಎಂದನಂತೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವನ ಗುಡಿಯ ಬಾಗಿಲಲ್ಲೇ ಆ ಕಾಳಗ ಕಲ್ಲಾಗಿ ನಿಂತಿದೆ. ಐತಿಹ್ಯವೇ ಇರಬಹುದು, ಭಾಷೆ ಮಾತ್ರ ನಿಜ. ಮುನಿ ‘ಹೊಯ್’ ಎಂದ, ‘ಹೊಯ್ಯೋಣ’ ಎನ್ನಲಿಲ್ಲ. ಅದು ಅಪ್ಪಣೆ, ಹೊಡೆಯಬೇಕಾದವನು ಶಿಷ್ಯನೊಬ್ಬನೇ. ‘ಓಣ’ ಬಂದಿದ್ದರೆ ಗುರುವೂ ದಂಡ ಹಿಡಿದು ಮುಂದೆ ಬರಬೇಕಿತ್ತು.

ಈಗ ಕಾಲೇಜು ಹುಡುಗರ ಮಾತು ಕೇಳುತ್ತೇನೆ. ‘ಜಾಯಿನ್ ಆಗ್ತೀಯಾ?’, ‘ನಿಂದೇನು ಪ್ಲಾನು?’, ‘ಗ್ರೂಪಲ್ಲಿ ಪೋಲ್ ಹಾಕು ಮಗಾ’. ಇಂಗ್ಲಿಷ್ ಬೆರೆತಿದೆ ಎಂಬುದು ನನ್ನ ತಕರಾರಲ್ಲ. ಕಾಫಿಯೂ ಹೊರಗಿನಿಂದ ಬಂದದ್ದೇ, 17ನೇ ಶತಮಾನದ ಕೊನೆಯಲ್ಲಿ ಡಚ್ಚರು ಮಲಬಾರ್ ತೀರದಿಂದ ಅದರ ಗಿಡವನ್ನು ಜಾವಾಕ್ಕೂ ಒಯ್ದರು, ಅಲ್ಲಿ ಅದು ‘ಙೋಪಿ’ ಎಂಬ ಕ್ರಿಯಾಪದವೇ ಆಗಿ ಊರಿನದಾಯಿತು. ನನ್ನ ಕಿರಿಕಿರಿ ಬೇರೆ. ‘ಜಾಯಿನ್ ಆಗ್ತೀಯಾ’ ಎಂದಾಗ ಕರೆದವನು ಒಳಗೆ, ಕರೆಸಿಕೊಂಡವನು ಹೊಸ್ತಿಲಾಚೆ. ಬರುವ, ಬಿಡುವ ಹೊಣೆಯೆಲ್ಲ ಅವನದೇ. ಪೋಲ್‌ನಲ್ಲಂತೂ ಒತ್ತದೆ ಉಳಿದವನನ್ನು ಯಾರೂ ವಿಚಾರಿಸುವುದಿಲ್ಲ. ‘ಮಾಲೇಕಲ್ಲು ಬೆಟ್ಟ ಹತ್ತಾನ ಬಾರ್ಲಾ’ ಎಂದು ಬಾಗಿಲಿಗೆ ಬಂದು ಕೂಗಿದರೆ ಒಲ್ಲೆ ಎನ್ನುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೆ ಗೊತ್ತು. ಹೆಣ್ಣುಮಕ್ಕಳ ‘ಬಾರಮ್ಮಿ’ಯೂ ಹೀಗೇ ಕಡಿಮೆಯಾಗುತ್ತಿದೆ, ಅದರ ಬಗ್ಗೆ ಯಾರೂ ಚಿಂತಿಸಿದಂತಿಲ್ಲ.

‘ಹೋಗೋಣ ಬಾ’ ಎನ್ನುವುದಕ್ಕೆ ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಗಂಡಸರಿಗೆ ಹೇಗೆ, ಹೆಂಗಸರಿಗೆ ಹೇಗೆ, ಹಿರಿಯರಿಗೆ ಹೇಗೆ? ಊರಿನ ಹೆಸರು, ತಾಲ್ಲೂಕು ಸಮೇತ ಬರೆದು ಕಳಿಸಿ. ಅಜ್ಜಿ ತಾತಂದಿರಿದ್ದರೆ ಮೊದಲು ಅವರನ್ನು ಕೇಳಿ.